ಅಡ್ಡೆಯ ಕೋಲಿನಿಂದ ಬಿಲ್ಲು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಬಿಲ್ಲು ಎಂದೊಡನೆ ನಮ್ಮ ಮನಸ್ಸಿಗೆ ಬರುವುವು ಗಾಂಡೀವ, ಕೋದಂಡ, ಶಿವಧನುಸ್ಸು ಮೊದಲಾದ ದೊಡ್ಡ ಹೆಸರುಗಳು. ಅವನ್ನು ದೇವತೆಗಳು ನಿರ್ಮಿಸಿದರೆಂದು ಪುರಾಣಗಳು ಹೇಳುವುದರಿಂದ, ಬಿಲ್ಲನ್ನು ಮನುಷ್ಯರು ಹೇಗೆ ಮಾಡುತ್ತಿದ್ದರು ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ. ನನ್ನಲ್ಲಿಯೂ ಏಳುತ್ತಿರಲಿಲ್ಲ. ಕಳೆದ ವರ್ಷ ನಮ್ಮ ಇತಿಹಾಸದ ಅಧ್ಯಾಪಕರು ನಮ್ಮನ್ನು ಒಂದು ಕೆರೆಯ ಏರಿಯ ಮೇಲಿದ್ದ ವೀರಗಲ್ಲನ್ನು ನೋಡಲು ಕರೆದೊಯ್ದರು. ಕಲ್ಲಿನ ಮೇಲೆ ಒಬ್ಬ ಬೇಟೆಗಾರ, ಎದುರಿಗೆ ಒಂದು ಹಂದಿ, ಕಾಲ ಬಳಿ ನಾಯಿ. ಬೇಟೆಗಾರನ ಕೈಯಲ್ಲಿ ಅವನ ಎದೆಯೆತ್ತರಕ್ಕೂ ಬಾರದ ಒಂದು ಗಿಡ್ಡ ಬಿಲ್ಲು. "ಈ ಬಿಲ್ಲು ಯಾವ ಮರದ್ದು? ಇಷ್ಟು ಗಿಡ್ಡ ಏಕೆ? ಇದನ್ನು ಹೇಗೆ ಮಾಡಿರಬಹುದು?" ಎಂದು ಅವರು ಕೇಳಿದರು. ನಲವತ್ತು ಮಂದಿಯಲ್ಲಿ ಒಬ್ಬರೂ ಉತ್ತರ ಹೇಳಲಿಲ್ಲ.

ಎಲ್ಲರಿಗಿಂತ ಹೆಚ್ಚು ನಾಚಿಕೆಯಾದುದು ನನಗೆ. ಏಕೆಂದರೆ ನಮ್ಮದು ಬೇಟೆಯವರ ಮನೆತನ. ನನ್ನ ಮುತ್ತಜ್ಜ ಬಿಲ್ಲು ಹಿಡಿದು ಮೊಲ, ಕಾಡುಕೋಳಿ ಹೊಡೆದವನು. ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮೊದಲು ಹುಟ್ಟಿದ ನನ್ನ ಅಜ್ಜ, ಹುಡುಗನಾಗಿದ್ದಾಗ ತಂದೆಯ ಪಕ್ಕದಲ್ಲಿ ಕುಳಿತು ಬಿಲ್ಲು ಕೆತ್ತಲು ಕಲಿತವರು. ಅಜ್ಜನಿಗೆ ಓದು ಬರುವುದಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೂರು ವರ್ಷದಲ್ಲಿ ಎಷ್ಟೋ ರಾಜವಂಶಗಳ ಯುದ್ಧಗಳನ್ನು ಓದಿದ ನಾನು, ನಮ್ಮ ಮನೆಯ ಅಟ್ಟದ ಕೆಳಗೆ ಮಲಗುವ ಮನುಷ್ಯನನ್ನು ಈ ವಿಷಯವಾಗಿ ಒಂದು ಮಾತೂ ಕೇಳಿರಲಿಲ್ಲ.

ಆ ಸಂಕ್ರಾಂತಿಯ ರಜೆಯಲ್ಲಿ ಊರಿಗೆ ಹೋಗಿ ಕೇಳಿದೆ. ಯುಗಾದಿಯ ಹೊತ್ತಿಗೆ ಒಂದು ಬಿಲ್ಲು ಸಿದ್ಧವಾಯಿತು. ಅಷ್ಟರೊಳಗೆ ಎರಡು ಬಿಲ್ಲುಗಳು ಕೆಟ್ಟವು. ಕೆಟ್ಟವುಗಳಿಂದ ಕಲಿತದ್ದೇ ಹೆಚ್ಚಾದುದರಿಂದ ಅವುಗಳ ವಿಷಯವನ್ನೂ ಮರೆಮಾಚದೆ ಬರೆಯುತ್ತೇನೆ.

ಬಿಲ್ಲಿನ ಅಂಗಗಳು

ಮೊದಲು ಕೆಲವು ಮಾತುಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬಿಲ್ಲಿನ ನಡುವೆ ಕೈಯಿಂದ ಹಿಡಿಯುವ ಭಾಗ ಹಿಡಿ. ಹಿಡಿಯ ಮೇಲೆ ಕೆಳಗೆ ಬಾಗುವ ಭಾಗಗಳು ಎರಡು ತೋಳುಗಳು. ತುದಿಗಳಲ್ಲಿ ಹಗ್ಗ ಸಿಕ್ಕಿಸಲು ಮಾಡಿದ ಕಚ್ಚಿನ ಭಾಗ ಕೊಪ್ಪು. ಹಗ್ಗಕ್ಕೆ ಹೆದೆ ಎಂದು ಹೆಸರು. ಬಾಣ ಬಿಡುವವನ ಕಡೆಗೆ ಮುಖಮಾಡಿದ ಬದಿಗೆ ಬಿಲ್ಲಿನ ಹೊಟ್ಟೆ ಎಂದೂ, ಗುರಿಯ ಕಡೆಗೆ ಮುಖಮಾಡಿದ ಬದಿಗೆ ಬೆನ್ನು ಎಂದೂ ನಮ್ಮಜ್ಜ ಹೇಳುತ್ತಾರೆ.

ಈ ಹೊಟ್ಟೆ ಬೆನ್ನುಗಳ ಭೇದವೇ ಬಿಲ್ಲಿನ ವಿದ್ಯೆಯ ಬುಡ. ಕೋಲೊಂದನ್ನು ಬಾಗಿಸಿದಾಗ ಅದರ ಹೊರಬದಿ ಹಿಗ್ಗುವುದು, ಒಳಬದಿ ಕುಗ್ಗುವುದು. ಅಂದರೆ ಬೆನ್ನಿನ ನಾರುಗಳು ಎಳೆತಕ್ಕೆ ಸಿಕ್ಕುವುವು, ಹೊಟ್ಟೆಯ ನಾರುಗಳು ಒತ್ತಡಕ್ಕೆ ಸಿಕ್ಕುವುವು. ಒಣಗಿದ ಮರ ಸಾಮಾನ್ಯವಾಗಿ ಎಳೆತವನ್ನು ತಡೆಯುವಷ್ಟು ಒತ್ತಡವನ್ನು ತಡೆಯಲಾರದು. ಆದರೆ ಬೆನ್ನಿನ ನಾರು ಒಂದೆಡೆ ಕತ್ತರಿಸಿಹೋಗಿದ್ದರೆ ಅಲ್ಲಿಂದಲೇ ಸಿಬಿರೆದ್ದು ಬಿಲ್ಲು ಮುರಿಯುವುದು. ಆದುದರಿಂದ ಬಿಲ್ಲಿನ ಮೊದಲನೆಯ ನಿಯಮ ಇದು: ಬೆನ್ನನ್ನು ಮುಟ್ಟಬಾರದು, ಕೆತ್ತುವುದೆಲ್ಲ ಹೊಟ್ಟೆಯ ಕಡೆಯಿಂದಲೇ ಆಗಬೇಕು.

ಗಿಡ್ಡ ಬಿಲ್ಲು ಏಕೆ?

ಅಧ್ಯಾಪಕರ ಪ್ರಶ್ನೆಗೆ ಅಜ್ಜನ ಉತ್ತರ ಸುಲಭವಾಗಿತ್ತು. ಬೇಟೆಗಾರ ಬಯಲಿನಲ್ಲಿ ಸಾಲಾಗಿ ನಿಂತು ಬಾಣ ಬಿಡುವ ಸೈನಿಕನಲ್ಲ. ಅವನು ಲಂಟಾನದ ಮೆಳೆಯಲ್ಲಿ ನುಸುಳಬೇಕು, ಪೊದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ಆಳುದ್ದದ ಬಿಲ್ಲಾದರೆ ಕೆಳಗಿನ ತುದಿ ನೆಲಕ್ಕೆ ತಾಗುವುದು, ಮೇಲಿನ ತುದಿ ಬಳ್ಳಿಗೆ ಸಿಕ್ಕುವುದು. ಹದಿನೈದು ಇಪ್ಪತ್ತು ಹೆಜ್ಜೆ ಹತ್ತಿರಕ್ಕೆ ಹೋಗಿ ಹೊಡೆಯುವವನಿಗೆ ದೂರ ಹಾರುವ ಬಾಣವೂ ಬೇಕಾಗಿಲ್ಲ.

ಆದರೆ ಗಿಡ್ಡತನಕ್ಕೆ ಬೆಲೆ ಕೊಡಬೇಕಾಗುತ್ತದೆ. ಉದ್ದ ಬಿಲ್ಲಿಗಿಂತ ಗಿಡ್ಡ ಬಿಲ್ಲು ಅಷ್ಟೇ ಎಳೆತಕ್ಕೆ ಹೆಚ್ಚು ಬಾಗಬೇಕು. ಬಾಗು ಹೆಚ್ಚಿದಷ್ಟೂ ಮುರಿಯುವ ಭಯ ಹೆಚ್ಚು. ಅಜ್ಜನ ಲೆಕ್ಕದಲ್ಲಿ, ಹಿಡಿಯ ಭಾಗವನ್ನು ಬಿಟ್ಟು ಉಳಿದ ಎರಡು ತೋಳುಗಳ ಉದ್ದ, ಹೆದೆಯನ್ನು ಎಳೆಯುವ ದೂರದ ಎರಡರಷ್ಟಾದರೂ ಇರಬೇಕು. ನಮ್ಮ ಬಿಲ್ಲು 4 ಅಡಿ, ಅಂದರೆ 48 ಅಂಗುಲ. ಹಿಡಿಯೂ ಅದರ ಎರಡು ಕಡೆಯ ಬಾಗದ ಭಾಗವೂ ಸೇರಿ 8 ಅಂಗುಲ ಹೋದರೆ ಉಳಿಯುವುದು 40. ಆದುದರಿಂದ 20 ಅಂಗುಲಕ್ಕಿಂತ ಹೆಚ್ಚು ಎಳೆಯಬಾರದು. ಕಿವಿಯವರೆಗೆ ಎಳೆಯುವುದು ಬಯಲಾಟದ ಅರ್ಜುನನಿಗೆ ಮಾತ್ರ. ಈ ಬಿಲ್ಲನ್ನು ಎದೆಯ ಬಳಿಗೆ ಎಳೆದರೆ ಸಾಕು.

ಯಾವ ಮರ?

ಪ್ರಾಚೀನರು ಈ ವಿಷಯದಲ್ಲಿ ಬಹಳ ಯೋಚಿಸಿದ್ದರು. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನ ಕೆಲಸವನ್ನು ಹೇಳುವ ಒಂದು ಅಧ್ಯಾಯವಿದೆ. ತಾಳೆ, ಬಿದಿರಿನ ಜಾತಿಯ ಚಾಪ, ಮರ, ಪ್ರಾಣಿಯ ಕೊಂಬು ಎಂಬ ನಾಲ್ಕು ವಸ್ತುಗಳಿಂದ ಬಿಲ್ಲುಗಳಾಗುತ್ತವೆಂದು ಅಲ್ಲಿ ಹೇಳಿದೆ. ಹೆದೆಗೆ ಮೂರ್ವಾ, ಎಕ್ಕ, ಸೆಣಬು, ಗವೇಧು, ಬಿದಿರು, ಪ್ರಾಣಿಯ ಸ್ನಾಯು ಇವುಗಳನ್ನು ಹೆಸರಿಸಿದೆ. ನಾನು ಈ ಪಟ್ಟಿಯನ್ನು ಅಜ್ಜನಿಗೆ ಓದಿ ಹೇಳಿದಾಗ ಎಕ್ಕದ ಹೆಸರು ಬಂದೊಡನೆ ಅವರು ತಲೆಯಾಡಿಸಿದರು. ಅವರ ತಂದೆಯ ಬಿಲ್ಲಿಗೆ ಇದ್ದುದು ಎಕ್ಕದ ನಾರಿನ ಹೆದೆಯೇ ಅಂತೆ.

ನಮ್ಮ ಕಡೆಯವರು ಮರದ ಬಿಲ್ಲಿಗೆ ಆರಿಸುತ್ತಿದ್ದುದು ತಡಸಲು ಮರವನ್ನು. ಸಂಸ್ಕೃತದಲ್ಲಿ ಇದಕ್ಕೆ ಧನ್ವನ, ಧನುರ್ವೃಕ್ಷ ಎಂಬ ಹೆಸರುಗಳಿವೆ. ಬಾಗಿ ಮತ್ತೆ ನೆಟ್ಟಗಾಗುವ ಗುಣ ಈ ಮರದಲ್ಲಿ ವಿಶೇಷವಾಗಿರುವುದರಿಂದ ಗಾಡಿಯ ಮೂಕಿ, ಕೊಡಲಿಯ ಕಾವು, ಭಾರ ಹೊರುವ ಅಡ್ಡೆ ಇವುಗಳಿಗೂ ಇದನ್ನು ಬಳಸುವುದುಂಟು. ಈಗ ಕಾಡಿಗೆ ಹೋಗಿ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಆದುದರಿಂದ ನಾನು ಮೊದಲು ಕೈಗೆ ಸಿಕ್ಕಿದ ಮರದಿಂದಲೇ ಮಾಡಲು ಹೊರಟೆ.

ಮೊದಲ ಎರಡು ಸೋಲುಗಳು

ಹಿತ್ತಲಿನ ಸೀಬೆಯ ಮರದಿಂದ ಮಣಿಕಟ್ಟಿನಷ್ಟು ದಪ್ಪದ ಒಂದು ಕೊಂಬೆ ಕಡಿದು, ಅದೇ ದಿನ ಕೆತ್ತಿ, ಮಾರನೆಯ ದಿನ ಹಗ್ಗ ಕಟ್ಟಿದೆ. ಸೊಗಸಾಗಿ ಬಾಗಿತು. ಸಂಜೆ ಹಗ್ಗ ಬಿಚ್ಚಿದರೆ ಬಾಗಿದಂತೆಯೇ ನಿಂತಿತ್ತು, ನೆಟ್ಟಗಾಗಲೇ ಇಲ್ಲ. ಹಸಿಮರದಲ್ಲಿ ನೀರಿರುವುದರಿಂದ ಹೊಟ್ಟೆಯ ನಾರುಗಳು ಒತ್ತಡಕ್ಕೆ ನಜ್ಜಿಹೋಗುವುವು. ನಜ್ಜಿದ ನಾರು ಮತ್ತೆ ಹಿಗ್ಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಬಿಲ್ಲಿಗೆ ಆ ಗಾದೆ ಸಲ್ಲುವುದಿಲ್ಲ. ಹಸಿಯಾಗಿ ಬಗ್ಗುವುದಕ್ಕೆ ಬೆಲೆಯಿಲ್ಲ. ಒಣಗಿದ ಮೇಲೆ ಬಗ್ಗಿ, ಬಿಟ್ಟಾಗ ಹಿಂದಿರುಗಬೇಕು. ಕೊಂಬೆಯನ್ನು ಸೀಳಿ, ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ಬಿಸಿಲು ಬೀಳದ ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ಒಣಗಿಸಬೇಕು. ತುದಿಗಳಿಗೆ ಬಳಿಯದಿದ್ದರೆ ಅಲ್ಲಿ ಮೊದಲು ಒಣಗಿ ಸೀಳು ಬಿಡುವುದು.

ಎರಡನೆಯ ಸಲ ಬಡಗಿಯೊಬ್ಬರ ಬಳಿ ಚೆನ್ನಾಗಿ ಒಣಗಿದ ಸಿಲ್ವರ್ ಓಕಿನ ಪಟ್ಟಿಯನ್ನು ತಂದೆ. ನೋಡಲು ನೇರವಾಗಿತ್ತು. ಅಜ್ಜ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಗರಗಸದ್ದು" ಎಂದಷ್ಟೇ ಹೇಳಿದರು. ನನಗೆ ಅರ್ಥವಾಗಲಿಲ್ಲ. ನಾಲ್ಕು ದಿನ ಕೆತ್ತಿ ಹೆದೆಯೇರಿಸಿ ಎಳೆಯುವಾಗ ಪಟಾಕಿಯಂತೆ ಸದ್ದಾಗಿ ಮೇಲಿನ ತೋಳು ಮುರಿದು ನನ್ನ ಕಿವಿಯ ಪಕ್ಕದಲ್ಲಿ ಹಾರಿಹೋಯಿತು. ಮುರಿದ ತುಂಡನ್ನು ನೋಡಿದರೆ ಮರದ ಎಳೆಗಳು ಪಟ್ಟಿಯ ಉದ್ದಕ್ಕೆ ಹೋಗದೆ ಓರೆಯಾಗಿ ಬೆನ್ನಿನ ಮೇಲೆ ಬಂದು ಕೊನೆಗೊಂಡಿದ್ದುವು. ಗರಗಸ ತಾನು ಹೋಗಬೇಕಾದ ಕಡೆ ಹೋಗುತ್ತದೆ, ಎಳೆ ಎತ್ತ ಹೋಗುತ್ತದೆಂದು ನೋಡುವುದಿಲ್ಲ. ಬೆಣೆಯಿಟ್ಟು ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಡುವುದು. ಆದುದರಿಂದ ಬಿಲ್ಲಿಗೆ ಕೊಯ್ದ ಮರಕ್ಕಿಂತ ಸೀಳಿದ ಮರ ಮೇಲು.

ಅಜ್ಜ ಆಗ ಏಕೆ ತಡೆಯಲಿಲ್ಲವೆಂದು ಕೇಳಿದೆ. "ಹೇಳಿದ್ರೆ ಕೇಳಿಸ್ಕೊತಿದ್ದೆ. ಮುರಿದಿದ್ದಕ್ಕೆ ಗೊತ್ತಾಯ್ತು" ಎಂದರು. ಇನ್ನು ಮುಂದೆ ಬಿಲ್ಲನ್ನು ಎಳೆದು ನೋಡುವಾಗಲೆಲ್ಲ ಮುಖವನ್ನು ಪಕ್ಕಕ್ಕೆ ಇಟ್ಟುಕೊಳ್ಳಬೇಕೆಂಬ ಬುದ್ಧಿಯೂ ನನಗೆ ಆಗಲೇ ಬಂದಿತು.

ಅಜ್ಜನ ಅಡ್ಡೆ

ಮಾರನೆಯ ದಿನ ಬೆಳಿಗ್ಗೆ ಅಜ್ಜ ಕೊಟ್ಟಿಗೆಯ ಸೂರಿನಿಂದ ತಮ್ಮ ಅಡ್ಡೆಯನ್ನು ಇಳಿಸಿ ತಂದರು. ಅಡ್ಡೆಯೆಂದರೆ ಎರಡು ತುದಿಗೆ ಭಾರ ಕಟ್ಟಿ ಹೆಗಲ ಮೇಲೆ ಹೊರುವ ಕೋಲು. ಕೆಲವು ಕಡೆ ಇದಕ್ಕೆ ಕಾವಡಿ ಎನ್ನುತ್ತಾರೆ. ಅಜ್ಜನದು ಐದೂವರೆ ಅಡಿ ಉದ್ದದ, ಎರಡು ಅಂಗುಲ ಅಗಲದ ತಡಸಲಿನ ಅಡ್ಡೆ. ಅವರ ತಂದೆ ಸೀಳಿ ಮಾಡಿಕೊಟ್ಟಿದ್ದು. ಅದರಲ್ಲಿ ಅವರು ಹುಲ್ಲು, ಸೌದೆ, ಭತ್ತದ ಸಸಿ, ಕೆರೆಯ ನೀರು ಎಲ್ಲವನ್ನೂ ಹೊತ್ತಿದ್ದಾರೆ. ನನ್ನ ತಂದೆಯನ್ನು ಹೈಸ್ಕೂಲಿನವರೆಗೆ ಓದಿಸಿದ್ದು ಈ ಅಡ್ಡೆಯ ಮೇಲೆ ಹೊತ್ತು ಮಾರಿದ ಸೌದೆಯಿಂದಲೇ.

ನಾನು ಬೇಡವೆಂದೆ. ಎರಡು ಬಿಲ್ಲನ್ನು ಕೆಡಿಸಿದವನು ಇದನ್ನೂ ಕೆಡಿಸಿದರೆ ಮನೆಯಲ್ಲಿ ಇಂಥದು ಇನ್ನೊಂದಿಲ್ಲ. ಅಜ್ಜ ನನ್ನ ಮಾತನ್ನು ಕೇಳಿಸಿಕೊಳ್ಳದವರಂತೆ ಅಡ್ಡೆಯನ್ನು ನನ್ನ ತೊಡೆಯ ಮೇಲಿಟ್ಟು ಅದರ ಗುಣವನ್ನು ಹೇಳತೊಡಗಿದರು. ಸೀಳಿದ ಮರವಾದುದರಿಂದ ಎಳೆ ತುದಿಯಿಂದ ತುದಿಗೆ ಓಡಿದೆ. ಐವತ್ತು ವರ್ಷ ಒಲೆಯ ಹೊಗೆಯಲ್ಲಿ, ಸೂರಿನ ಗಾಳಿಯಲ್ಲಿ ಒಣಗಿದೆ. ಭಾರ ಹೊತ್ತಾಗ ತುದಿಗಳು ಕೆಳಕ್ಕೆ ಬಾಗುವುದರಿಂದ ಅದು ಒಂದೇ ಕಡೆಗೆ ಬಾಗಿ ಪಳಗಿದೆ. "ಹೆಗಲಿಗೆ ತಾಗಿದ್ದು ಹೊಟ್ಟೆ, ಆಕಾಶ ನೋಡಿದ್ದು ಬೆನ್ನು" ಎಂದರು.

ಅಡ್ಡೆಯ ನಡುವೆ, ಹೆಗಲು ತಾಗುವ ಕಡೆ, ಒಂದು ಗೇಣಿನಷ್ಟು ಜಾಗ ಸವೆದು ಗಾಜಿನಂತೆ ನುಣುಪಾಗಿತ್ತು. ಬಿಲ್ಲಿನ ಹಿಡಿ ಬರುವುದು ಸರಿಯಾಗಿ ಅಲ್ಲಿಯೇ. ಹಿಡಿಯಲ್ಲಿ ಮರ ತೆಗೆಯುವುದಿಲ್ಲವಾದುದರಿಂದ ಆ ಗುರುತು ಹಾಗೆಯೇ ಉಳಿಯುವುದೆಂದು ತಿಳಿದಾಗ ನಾನು ಒಪ್ಪಿದೆ.

ಕೆತ್ತನೆ

ಬೇಕಾದ ಉಪಕರಣಗಳು ಕಡಿಮೆ: ಒಂದು ಹರಿತವಾದ ಮಚ್ಚು, ಬಾಚಿ, ಉಜ್ಜುಗೊರಡು, ಒರಟು ಅರ, ಮರಳುಕಾಗದ, ಒಡೆದ ಗಾಜಿನ ಒಂದು ಚೂರು. ಕೊನೆಯ ಹದಕ್ಕೆ ಗಾಜಿನ ಅಂಚಿನಿಂದ ಹೆರೆಯುವುದು ಬಹಳ ಒಳ್ಳೆಯದು. ಮರ ಪುಡಿಯಂತೆ ಬರುವುದು. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಮೊದಲು ಅಡ್ಡೆಯ ನಟ್ಟನಡುವನ್ನು ಗುರುತಿಸಿ, ಅಲ್ಲಿಂದ ಎರಡು ಕಡೆಗೂ 24 ಅಂಗುಲ ಅಳೆದು ಉಳಿದುದನ್ನು ಕತ್ತರಿಸಿದೆವು. ನಡುವೆ 4 ಅಂಗುಲ ಹಿಡಿ. ಅದರ ಎರಡು ಬದಿಗೂ ಎರಡೆರಡು ಅಂಗುಲದಲ್ಲಿ ದಪ್ಪ ಇಳಿಜಾರಾಗಿ ತೋಳಿಗೆ ಇಳಿಯಬೇಕು. ಮೆಟ್ಟಿಲಿನಂತೆ ಥಟ್ಟನೆ ಇಳಿದರೆ ಅಲ್ಲೇ ಮುರಿಯುವುದು. ತೋಳಿನ ಅಗಲ ಬುಡದಲ್ಲಿ ಒಂದೂಮುಕ್ಕಾಲು ಅಂಗುಲ; ಅರ್ಧ ತೋಳಿನವರೆಗೆ ಅದೇ ಅಗಲ; ಅಲ್ಲಿಂದ ತುದಿಗೆ ಸಣ್ಣದಾಗುತ್ತ ಅರ್ಧ ಅಂಗುಲ. ಬೆನ್ನಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಪಕ್ಕಗಳನ್ನು ಬಾಚಿಯಿಂದ ತೆಗೆದೆವು. ದಪ್ಪವನ್ನು ಮೊದಲಿಗೆ ಸುಮಾರು ಮುಕ್ಕಾಲು ಅಂಗುಲ ಬಿಟ್ಟುಕೊಂಡೆವು. ಬೆನ್ನಿನ ಅಂಚುಗಳನ್ನು ಮಾತ್ರ ಮರಳುಕಾಗದದಿಂದ ಉಜ್ಜಿ ಮೊಂಡಾಗಿಸಬೇಕು; ಚೂಪಾದ ಅಂಚಿನಲ್ಲಿ ಸಿಬಿರು ಏಳುವುದು ಬೇಗ.

ಹದ ಮಾಡುವುದು

ಇಲ್ಲಿಯವರೆಗಿನ ಕೆಲಸ ಎರಡು ದಿನದ್ದು. ಇನ್ನು ಮುಂದಿನದು ಐದು ವಾರ ಹಿಡಿಯಿತು. ಎರಡು ತೋಳುಗಳೂ ಬುಡದಿಂದ ತುದಿಯವರೆಗೆ ಸಮನಾಗಿ ಬಾಗುವಂತೆ ಹೊಟ್ಟೆಯ ಕಡೆಯಿಂದ ಸ್ವಲ್ಪಸ್ವಲ್ಪವೇ ಹೆರೆಯುವುದೇ ಬಿಲ್ಲಿನ ನಿಜವಾದ ಕೆಲಸ. ಎಲ್ಲಿಯಾದರೂ ಒಂದು ಕಡೆ ಹೆಚ್ಚು ಬಾಗಿದರೆ ಇಡೀ ಬಿಲ್ಲಿನ ಭಾರ ಆ ಒಂದು ಕಡೆಗೆ ಬೀಳುವುದು. ಅಲ್ಲಿ ನಜ್ಜುವುದು, ಇಲ್ಲವೆ ಮುರಿಯುವುದು.

ಮೊದಲು ಒಂದು ತುದಿಯನ್ನು ನೆಲಕ್ಕೆ ಊರಿ, ಹಿಡಿಯನ್ನು ಮೆಲ್ಲನೆ ಒತ್ತಿ, ತೋಳು ಹೇಗೆ ಬಾಗುವುದೆಂದು ನೋಡಬೇಕು. ಎರಡೂ ತೋಳು ಸ್ವಲ್ಪ ಬಾಗತೊಡಗಿದ ಮೇಲೆ ಕೊಪ್ಪುಗಳನ್ನು ಕೊರೆದು ಉದ್ದನೆಯ ಸಡಿಲ ಹಗ್ಗ ಕಟ್ಟಬೇಕು. ಆಮೇಲೆ ಎರಡೂವರೆ ಅಡಿ ಉದ್ದದ ಒಂದು ಹಲಗೆಗೆ ಅಂಗುಲಕ್ಕೊಂದರಂತೆ ಕಚ್ಚು ಮಾಡಿ, ಅದರ ತಲೆಯ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹಗ್ಗವನ್ನು ಕೆಳಗೆಳೆದು ಒಂದು ಕಚ್ಚಿಗೆ ಸಿಕ್ಕಿಸಿ, ದೂರ ನಿಂತು ನೋಡಬೇಕು. ನಾವು ಇದನ್ನು ಸುಣ್ಣ ಬಳಿದ ಗೋಡೆಗೆ ಒರಗಿಸಿ ನೋಡುತ್ತಿದ್ದೆವು. ಬಿಳಿಯ ಗೋಡೆಯ ಎದುರಿಗೆ ಬಾಗಿನ ಆಕಾರ ಸ್ಪಷ್ಟವಾಗಿ ಕಾಣುವುದು. ಸಂದೇಹ ಬಂದಲ್ಲಿ ಗೇಣುದ್ದದ ಒಂದು ನೇರ ಕಡ್ಡಿಯನ್ನು ಬಾಗಿದ ಹೊಟ್ಟೆಯ ಮೇಲೆ ಇಟ್ಟು ಸರಿಸುತ್ತ ಹೋದರೆ, ಕಡ್ಡಿಯ ನಡುವಿನ ಸಂದು ಎಲ್ಲ ಕಡೆಯೂ ಒಂದೇ ಸಮನಾಗಿರಬೇಕು. ಸಂದು ಕಡಿಮೆಯಾದ ಕಡೆ ಮರ ಗಟ್ಟಿ. ಹೆಚ್ಚಾದ ಕಡೆ ಮೆತ್ತಗೆ. ಗಟ್ಟಿಯಿರುವಲ್ಲಿ ಇದ್ದಿಲಿನ ಗುರುತು ಹಾಕಿ, ಕೆಳಗಿಳಿಸಿ, ಹತ್ತು ಸಲ ಹೆರೆದು, ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಬಾಗಿಸಿ ಬಿಡಬೇಕು. ಹೆರೆದುದರ ಪರಿಣಾಮ ಹೀಗೆ ಬಾಗಿಸಿದ ಮೇಲೆಯೇ ಕಾಣುವುದು. ಕಚ್ಚಿನಲ್ಲಿ ಬಿಲ್ಲನ್ನು ಬಹಳ ಹೊತ್ತು ಬಿಡಬಾರದು. ಒಂದು ಕಚ್ಚಿನಲ್ಲಿ ಸಮನಾಗಿ ಬಾಗುವವರೆಗೆ ಮುಂದಿನ ಕಚ್ಚಿಗೆ ಎಳೆಯಲೇಬಾರದು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಬಿಲ್ಲು 12 ಅಂಗುಲದವರೆಗೆ ಸೊಗಸಾಗಿ ಬಾಗುತ್ತಿತ್ತು. ಕೆಳಗಿನ ತೋಳಿನ ನಡುವೆ ಮಾತ್ರ ಒಂದು ಕಡೆ ಸ್ವಲ್ಪ ಹೆಚ್ಚು ಬಾಗಿದಂತೆ ಕಂಡಿತು. ಅಜ್ಜ ಮಲಗಿದ್ದರು. ಮಾರನೆಯ ದಿನ ನಾನು ಕಾಲೇಜಿಗೆ ಹೊರಡಬೇಕಾಗಿತ್ತು. ತಪ್ಪು ಎಲ್ಲಿ ಕಂಡಿತೋ ಅಲ್ಲಿಯೇ ತಿದ್ದಬೇಕೆಂದು ತಿಳಿದು, ಬಾಗಿದ ಜಾಗವನ್ನೇ ಹೆರೆದು ನಯ ಮಾಡಿದೆ. ಬೆಳಿಗ್ಗೆ ಅಜ್ಜ ಬಿಲ್ಲನ್ನು ಎತ್ತಿಕೊಂಡು ಎರಡು ಬೆರಳಲ್ಲಿ ತೋಳನ್ನು ಸವರುತ್ತ ಬಂದು ಅಲ್ಲಿ ನಿಲ್ಲಿಸಿದರು. ಬಹಳ ಹೊತ್ತು ಮಾತಾಡಲಿಲ್ಲ. ಅವರ ಕೈ ಈಗ ನಡುಗುತ್ತದೆ. ಇಲ್ಲದಿದ್ದರೆ ಆ ಕೆಲಸವನ್ನು ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ಕೊನೆಗೆ, "ಮೆತ್ತಗಿರೋದನ್ನ ಮುಟ್ಟಬಾರದು ಮಗಾ. ಅದರ ಅಕ್ಕಪಕ್ಕ ಗಟ್ಟಿ ಇರೋದನ್ನ ಇಳಿಸಬೇಕು. ಹೋದ ಮರ ಬರಲ್ಲ" ಎಂದರು.

ವಿಜ್ಞಾನ ಓದುವ ನನ್ನ ಗೆಳೆಯನೊಬ್ಬನಿಗೆ ಈ ಸಂಗತಿ ಹೇಳಿದಾಗ ಅವನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ. ಪಟ್ಟಿಯೊಂದರ ಬಿಗಿ ಅದರ ಅಗಲಕ್ಕೆ ಅನುಪಾತವಾಗಿದ್ದರೆ, ದಪ್ಪದ ಘನಕ್ಕೆ ಅನುಪಾತವಾಗಿರುವುದು. ಅಗಲದಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದರೆ ಬಿಗಿಯೂ ಹತ್ತರಲ್ಲಿ ಒಂದೇ ಪಾಲು ಇಳಿಯುವುದು. ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದರೆ ಬಿಗಿ ನೂರಕ್ಕೆ 27ರಷ್ಟು ಇಳಿಯುವುದು. ದಪ್ಪ ಅರ್ಧವಾದರೆ ಬಿಗಿ ಎಂಟನೆಯ ಒಂದು ಪಾಲಾಗುವುದು. ಅಜ್ಜ ಮಾತುಮಾತಿಗೂ "ಕೂದಲಷ್ಟು, ಕೂದಲಷ್ಟು" ಎನ್ನುತ್ತಿದ್ದುದರ ಅರ್ಥ ನನಗೆ ಆಗ ತಿಳಿಯಿತು. ಘನದ ಲೆಕ್ಕ ಅವರಿಗೆ ಗೊತ್ತಿಲ್ಲ. ಲೆಕ್ಕ ಹೇಳುವ ಸಂಗತಿ ಗೊತ್ತಿದೆ.

ಕೆಟ್ಟುದನ್ನು ಸರಿಮಾಡಲು ಒಂದೇ ದಾರಿಯಿತ್ತು. ಆ ದುರ್ಬಲವಾದ ಜಾಗವನ್ನು ಬಿಟ್ಟು, ಉಳಿದ ತೋಳನ್ನೂ, ಅದಕ್ಕೆ ಸರಿಯಾಗಿ ಮೇಲಿನ ತೋಳನ್ನೂ ಅದರ ಮಟ್ಟಕ್ಕೆ ಇಳಿಸುವುದು. ಇದಕ್ಕೆ ಮೂರು ಶನಿವಾರ, ಮೂರು ಭಾನುವಾರ ಹಿಡಿಯಿತು. ಬಾಗು ಸರಿಯಾಯಿತು. ಆದರೆ ಅಜ್ಜ ಊಹಿಸಿದ್ದ ಬಲ ಬಿಲ್ಲಿನಲ್ಲಿ ಉಳಿಯಲಿಲ್ಲ. ಬಲವನ್ನು ಅಳೆಯುವ ಬಗೆ ಸುಲಭ. ಹಿಡಿಯನ್ನು ಗೂಟಕ್ಕೆ ಸಿಕ್ಕಿಸಿ, ಹೆದೆಯ ನಡುವಿಗೆ ಬಕೀಟು ತೂಗಿಬಿಟ್ಟು, ಹೆದೆ 20 ಅಂಗುಲ ಇಳಿಯುವವರೆಗೆ ಒಂದೊಂದೇ ಲೀಟರು ನೀರು ಸುರಿಯಬೇಕು. ಲೀಟರಿಗೆ ಒಂದು ಕಿಲೋ. ಇಪ್ಪತ್ತು ಕಿಲೋ ಆಗಬೇಕಾಗಿದ್ದ ಬಿಲ್ಲು ಬಕೀಟಿನ ತೂಕವೂ ಸೇರಿ 15 ಕಿಲೋಗೆ ನಿಂತಿತು. ಆ ಐದು ಕಿಲೋ ನನ್ನ ಒಂದು ರಾತ್ರಿಯ ಅವಸರದ ಬೆಲೆ.

ಕೆಳಗಿನ ತೋಳು ಮೇಲಿನದಕ್ಕಿಂತ ಒಂದು ಎಳೆಯಷ್ಟು ಬಿಗಿಯಾಗಿರಬೇಕೆಂಬುದನ್ನೂ ಇಲ್ಲಿ ಹೇಳಬೇಕು. ಬಾಣ ಕೈಯ ಮೇಲಿನಿಂದ ಹೋಗುವುದರಿಂದ ಕೈ ಬಿಲ್ಲಿನ ನಡುವಿಗಿಂತ ಕೆಳಗಿರುವುದು. ಹೀಗಾಗಿ ಕೆಳತೋಳಿನ ಮೇಲೆ ಭಾರ ಹೆಚ್ಚು. ನನ್ನ ತಪ್ಪು ನಡೆದದ್ದು ಕೆಳತೋಳಿನಲ್ಲೇ ಆದುದರಿಂದ ಅಜ್ಜ ಬಿಲ್ಲನ್ನು ತಲೆಕೆಳಗು ಮಾಡಿ, ಕೆಳಗಿನದನ್ನು ಮೇಲಿನದಾಗಿಸಿದರು. ಇಷ್ಟು ಸರಳವಾದ ಉಪಾಯ ನನಗೆ ಹೊಳೆದಿರಲಿಲ್ಲ.

ಹೆದೆ ಮತ್ತು ಬಾಣ

ಹೆದೆಗೆ ಸೆಣಬಿನ ನಾರನ್ನು ಆರಿಸಿದೆವು. ಎರಡು ಎಳೆಗಳನ್ನು ಬೇರೆಬೇರೆಯಾಗಿ ಬಲಕ್ಕೆ ಹೊಸೆದು, ಎರಡನ್ನೂ ಕೂಡಿಸಿ ಎಡಕ್ಕೆ ಹುರಿ ಮಾಡಿದರೆ ಒಂದರ ತಿರುವು ಇನ್ನೊಂದನ್ನು ಹಿಡಿದಿಟ್ಟುಕೊಳ್ಳುವುದು. ಆಮೇಲೆ ಜೇನುಮೇಣ ಉಜ್ಜಬೇಕು. ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಬಿಗಿಗಂಟು. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವೆ ಐದಾರು ಅಂಗುಲ ಇರಬೇಕು. ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ ಆಗುವಷ್ಟು. ಹೆದೆ ಬಿಲ್ಲಿನ ಬಲದ ನಾಲ್ಕರಷ್ಟಾದರೂ ಭಾರ ತಡೆಯಬೇಕೆಂಬುದು ನಿಯಮ. ನಾನು ಅದನ್ನು ಬೇವಿನ ಕೊಂಬೆಗೆ ಕಟ್ಟಿ, ಕೆಳಗೆ ಕೋಲು ಸಿಕ್ಕಿಸಿ, ತಮ್ಮನ ಶಾಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಜೋಕಾಲಿಯಂತೆ ಕುಳಿತು ಪರೀಕ್ಷಿಸಿದೆ. ತಡೆಯಿತು.

ಬಾಣಗಳಿಗೆ ಬಿದಿರನ್ನು ಸೀಳಿ, ಕಿರುಬೆರಳಿಗಿಂತ ಸಣ್ಣಗೆ ದುಂಡಗೆ ಮಾಡಿ, 24 ಅಂಗುಲಕ್ಕೆ ಕತ್ತರಿಸಿದೆವು. ಸೊಟ್ಟಗಿದ್ದಲ್ಲಿ ಕೆಂಡದ ಮೇಲೆ ಕಾಯಿಸಿ, ಬಿಸಿಯಿರುವಾಗಲೇ ಒತ್ತಿ ಹಿಡಿದು ಆರಿಸಿದರೆ ನೆಟ್ಟಗಾಗುವುದು. ಹಿಂದುಗಡೆ ಮೂರು ಕೋಳಿಗರಿ. ಮೂರೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡರೆಕ್ಕೆಯದೂ ಬಲರೆಕ್ಕೆಯದೂ ಬೆರೆತರೆ ಅವುಗಳ ಬಾಗು ಒಂದಕ್ಕೊಂದು ಎದುರಾಗಿ ಬಾಣ ತಡವರಿಸುವುದು. ಹಿಂದೆ ಮುಂದುಗಡೆ ಕಮ್ಮಾರನ ಅಲಗು ಇರುತ್ತಿತ್ತು. ನಮ್ಮ ಬಾಣಗಳ ತುದಿ ಮೊಂಡು.

ಬೇಟೆಯಿಲ್ಲದ ಬಿಲ್ಲು

ಏಕೆ ಮೊಂಡು ಎಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯುವುದೂ ಅಪರಾಧ. ಕಾಡು ಕಡಿಮೆಯಾಗಿ ಪ್ರಾಣಿಗಳು ಅಳಿಯುತ್ತಿರುವಾಗ ಈ ಕಾಯಿದೆ ನ್ಯಾಯವಾದುದೆಂದೇ ನನ್ನ ತಿಳಿವಳಿಕೆ. ಬೇಟೆ ನಿಂತುದಕ್ಕೆ ಅಜ್ಜನಿಗೂ ದುಃಖವಿಲ್ಲ. ಆದರೆ ಬೇಟೆಯೊಡನೆ ಮರವನ್ನು ಓದುವ ವಿದ್ಯೆಯೂ ಹೋಗಬೇಕಾಗಿಲ್ಲ. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾರಾಮ್ ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತ ಬೆಳೆದು, ಭಾರತದ ಪರವಾಗಿ ಒಲಿಂಪಿಕ್ಸಿನಲ್ಲಿ ಬಿಲ್ಲು ಹಿಡಿದು, 2012ರಲ್ಲಿ ಪದ್ಮಶ್ರೀ ಪಡೆದುದನ್ನು ಇಲ್ಲಿ ನೆನೆಯಬಹುದು.

ನಾವು ಹುಲ್ಲಿನ ಬಣವೆಗೆ ಒಂದು ಗೋಣಿಚೀಲ ಕಟ್ಟಿ ಗುರಿ ಮಾಡಿಕೊಂಡೆವು. ಮಾಡಿ ನೋಡಬಯಸುವ ಮಿತ್ರರು ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ತಿರುಗಿ ಅದನ್ನು ಮುರಿಯುವುದು. ಆಟಕ್ಕಾದರೂ ಮನುಷ್ಯರ ಕಡೆಗೆ, ದನಕರುಗಳ ಕಡೆಗೆ ಹಿಡಿಯಬಾರದು. ಮೊಂಡ ಬಾಣವೂ ಕಣ್ಣು ತೆಗೆಯಬಲ್ಲುದು. ಕೆಲಸ ಮುಗಿದೊಡನೆ ಹೆದೆಯನ್ನು ಇಳಿಸಬೇಕು.

ಯುಗಾದಿಯ ಮಾರನೆಯ ದಿನ ಅಜ್ಜ ಮೊದಲ ಬಾಣ ಬಿಟ್ಟರು. ಕೈ ನಡುಗುತ್ತಿದ್ದುದರಿಂದ ಪೂರ್ತಿ ಎಳೆಯಲಾಗಲಿಲ್ಲ. ಬಾಣ ಗೋಣಿಗೆ ಒಂದು ಮೊಳ ಕೆಳಗೆ ಬಣವೆಯಲ್ಲಿ ಸಿಕ್ಕಿಕೊಂಡಿತು. ಅವರು ಅದನ್ನು ನೋಡಲೇ ಇಲ್ಲ. ಬಿಲ್ಲನ್ನು ತಿರುಗಿಸಿ, ಹಿಡಿಯಲ್ಲಿದ್ದ ತಮ್ಮ ಹೆಗಲಿನ ಸವೆತವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನನ್ನ ಕೈಗೆ ಕೊಟ್ಟರು. "ಇಪ್ಪತ್ತು ಆಗ್ಬೇಕಿತ್ತು" ಎಂದರು. ಆಮೇಲೆ, "ಮುಂದಿನದು ಆಗುತ್ತೆ" ಎಂದರು.

ಮುಂದಿನದಕ್ಕಾಗಿ ಬೀಳಿಸಿದ ಹಳೆಯ ಕೊಟ್ಟಿಗೆಯೊಂದರಿಂದ ತಡಸಲಿನ ಒಂದು ಸೀಳು ಸಿಕ್ಕಿದೆ. ಅಜ್ಜ ಇರುವಾಗಲೇ ಅದನ್ನು ಮುಗಿಸಬೇಕು. ಅದಕ್ಕಾಗಿಯೇ ಅಳತೆಗಳನ್ನೆಲ್ಲ ಬರೆದಿಟ್ಟಿದ್ದೇನೆ. ಅವುಗಳಲ್ಲಿ ಮುಖ್ಯವಾದುವನ್ನು ಈ ಪುಟಗಳಲ್ಲಿ ಕೊಟ್ಟಿದ್ದೇನೆ. ನಮ್ಮ ಕಾಲೇಜಿನಲ್ಲಿ ಓದುವ ಬಹುಮಂದಿ ನನ್ನ ಹಾಗೆ ಮನೆಗೆ ಮೊದಲ ಪದವೀಧರರಾಗುವವರು. ಯಾರ ಮನೆಯಲ್ಲಿ ಮಡಕೆ ಮಾಡುವವರಿದ್ದಾರೋ, ಕಂಬಳಿ ನೇಯುವವರಿದ್ದಾರೋ, ಬುಟ್ಟಿ ಹೆಣೆಯುವವರಿದ್ದಾರೋ, ಅವರು ಈ ಬೇಸಗೆಯ ರಜೆಯಲ್ಲಿ ಒಂದು ನೋಟುಪುಸ್ತಕವನ್ನೂ ಒಂದು ಅಳತೆಪಟ್ಟಿಯನ್ನೂ ಹಿಡಿದು ಅವರ ಪಕ್ಕದಲ್ಲಿ ಕೂರಲಿ ಎಂಬುದು ನನ್ನ ವಿನಂತಿ. ಕೇಳಿ ಬರೆದರೆ ಸಾಲದು, ಕೈಯಿಂದ ಮಾಡಿ ಕೆಡಿಸಲೂಬೇಕು. ಮುಂದಿನ ವರ್ಷ ನಮ್ಮ ಅಧ್ಯಾಪಕರು ಹೊಸ ವಿದ್ಯಾರ್ಥಿಗಳನ್ನು ಆ ವೀರಗಲ್ಲಿನ ಬಳಿಗೆ ಕರೆದೊಯ್ದು ಅದೇ ಪ್ರಶ್ನೆಯನ್ನು ಕೇಳಿದರೆ, ಒಬ್ಬರಾದರೂ ಉತ್ತರ ಹೇಳುವಂತಾಗಲಿ.